ನೆಪೋಲಿಯನ್ನನ ದಂಡಯಾತ್ರೆಯಿಂದ ವಿದ್ಯೆಗಾದ ಲಾಭ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನಿಗೂ ನಮ್ಮ ಕೊಯಮತ್ತೂರು ಸೀಮೆಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಉಂಟು. 1799ರ ಜನವರಿಯಲ್ಲಿ, ಇನ್ನೂ ಸೇನಾಪತಿಯಾಗಿದ್ದಾಗ, ಆತನು ಈಜಿಪ್ಟಿನ ಕೈರೋ ನಗರದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರವನ್ನು ಬರೆದನು. ಆಗ ಕೊಯಮತ್ತೂರು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿತ್ತು. ಪತ್ರವು ಇಂಗ್ಲಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು, ನಮ್ಮ ಸೀಮೆಯು ಕಂಪನಿಯ ವಶವಾಯಿತು. ಈಜಿಪ್ಟಿನಲ್ಲಿದ್ದ ಫ್ರೆಂಚ್ ಸೇನೆಯೂ 1801ರಲ್ಲಿ ಶರಣಾಯಿತು. ಖಡ್ಗದ ಲೆಕ್ಕದಲ್ಲಿ ಆ ದಂಡಯಾತ್ರೆಯು ಸೋತಿತೆಂದೇ ಹೇಳಬೇಕು.

ಆದರೆ ವಿದ್ಯೆಯ ಲೆಕ್ಕವೇ ಬೇರೆ. 1798ರಲ್ಲಿ ಹೊರಟಾಗ ಆತನು ಸೈನಿಕರ ಜೊತೆಯಲ್ಲಿ ನೂರೈವತ್ತಕ್ಕೂ ಮಿಕ್ಕ ವಿದ್ವಾಂಸರನ್ನೂ ಕುಶಲಿಗಳನ್ನೂ ಕರೆದೊಯ್ದಿದ್ದನು; ಕೈರೋದಲ್ಲಿ ಅವರಿಗಾಗಿ ಒಂದು ವಿದ್ವತ್ಸಂಸ್ಥೆಯನ್ನೂ ಸ್ಥಾಪಿಸಿದನು. ಬೆರ್ತೊಲೆ ಎಂಬಾತನು ಅಲ್ಲಿನ ಉಪ್ಪುನೀರಿನ ಸರೋವರಗಳ ದಡದಲ್ಲಿ ಸೋಡಾ ತಾನಾಗಿಯೇ ಕಟ್ಟುವುದನ್ನು ಕಂಡು, ರಾಸಾಯನಿಕ ಕ್ರಿಯೆಗಳು ಹಿಮ್ಮುಖವಾಗಿಯೂ ನಡೆಯಬಲ್ಲವೆಂದು ತಿಳಿದನು. ಜಾಫ್ರುವಾ ಎಂಬಾತನು ನೈಲ್ ನದಿಯ ಮೀನುಗಳನ್ನು ಅಭ್ಯಸಿಸಿದನು. ಇವರೆಲ್ಲರ ಶ್ರಮದ ಫಲವು 1809ರಿಂದ ಸಂಪುಟ ಸಂಪುಟವಾಗಿ ಅಚ್ಚಾಯಿತು.

ಇವೆಲ್ಲಕ್ಕಿಂತಲೂ ದೊಡ್ಡ ಲಾಭವೊಂದುಂಟು. ಟಿಪ್ಪು ಮಡಿದ ಎರಡೇ ತಿಂಗಳಿಗೆ, 1799ರ ಜುಲೈಯಲ್ಲಿ, ರೊಸೆಟ್ಟಾ ಎಂಬಲ್ಲಿ ಕೋಟೆಯನ್ನು ದುರಸ್ತಿ ಮಾಡುತ್ತಿದ್ದ ಫ್ರೆಂಚ್ ಸೈನಿಕರಿಗೆ ಒಂದು ಕರಿಯ ಕಲ್ಲು ದೊರೆಯಿತು. ಅದರಲ್ಲಿ ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೊರೆದಿದ್ದರು: ಈಜಿಪ್ಟಿನವೆರಡು, ಗ್ರೀಕಿನದೊಂದು. ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಸಾವಿರಕ್ಕೂ ಮಿಕ್ಕ ವರ್ಷಗಳಿಂದ ಯಾರೂ ಉಳಿದಿರಲಿಲ್ಲ. 1822ರಲ್ಲಿ ಶಾಂಪೊಲಿಯೋನ್ ಎಂಬ ತರುಣ ವಿದ್ವಾಂಸನು ಅದರ ಮರ್ಮವನ್ನು ಬಿಡಿಸಿದನು.

ಬಿಡಿಸಿದುದು ಹೇಗೆ? ಗ್ರೀಕ್ ಪಾಠವೊಂದೇ ಸಾಲದಾಗಿತ್ತು. ಪುರಾತನ ಈಜಿಪ್ಟಿನ ನುಡಿಯ ಮಗಳಾದ ಕಾಪ್ಟಿಕ್ ಭಾಷೆಯನ್ನು ಅಲ್ಲಿನ ಕ್ರೈಸ್ತರು ತಮ್ಮ ಪೂಜೆ ಪ್ರಾರ್ಥನೆಗಳಲ್ಲಿ ಉಳಿಸಿಕೊಂಡು ಬಂದಿದ್ದರು. ಆ ಸಣ್ಣ ಸಮುದಾಯದ ಭಾಷೆಯನ್ನು ಶಾಂಪೊಲಿಯೋನ್ ಬಾಲ್ಯದಿಂದಲೇ ಕಲಿತಿದ್ದನು. ಅವರು ಅದನ್ನು ಕೈಬಿಟ್ಟಿದ್ದರೆ ಆ ಕಲ್ಲು ಎಷ್ಟು ಕಾಲ ಮೂಕವಾಗಿಯೇ ಇರುತ್ತಿತ್ತೋ ಬಲ್ಲವರಾರು?

ನೆಪೋಲಿಯನ್ನನನ್ನು ನಾವು ಪೂಜಿಸಬೇಕಾಗಿಲ್ಲ. ಆತನ ಯುದ್ಧಗಳಲ್ಲಿ ಲಕ್ಷಾಂತರ ಜನರು ಮಡಿದರು. 1802ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮರಳಿ ಜಾರಿಗೆ ತಂದವನೂ ಆತನೇ. ಆತನ ಸಾಮ್ರಾಜ್ಯವು ಅಳಿಯಿತು, ವಿದ್ವಾಂಸರ ದುಡಿಮೆಯು ಉಳಿಯಿತು. ಇಷ್ಟನ್ನು ಮರೆಯದಿರೋಣ.

ಪೋಷಕರೇ, "ತಮಿಳುನಾಡಿನಲ್ಲಿ ಕನ್ನಡ ಕಲಿತು ಏನು ಪ್ರಯೋಜನ?" ಎಂದು ನಿಮ್ಮಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ, ಮಕ್ಕಳ ಅನ್ನದ ಚಿಂತೆ ಯಾರಿಗಿಲ್ಲ? ತಮಿಳು ಈ ನೆಲದ ಭಾಷೆ, ಅದನ್ನು ಪ್ರೀತಿಯಿಂದ ಕಲಿಯಲಿ. ಇಂಗ್ಲಿಷನ್ನೂ ಕಲಿಯಲಿ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಮೂರು ಲಿಪಿಗಳನ್ನು ಬಲ್ಲ ಮಗುವಿಗೆ ಮೂರು ಬಾಗಿಲುಗಳು ತೆರೆದಿರುತ್ತವೆ.

ಮಕ್ಕಳೇ, ಇಲ್ಲಿನ ದೇವಾಂಗರ ಮಗ್ಗದ ಮನೆಗಳಲ್ಲಿಯೂ ಒಕ್ಕಲಿಗರ ಹೊಲಗಳಲ್ಲಿಯೂ ತಲೆಮಾರುಗಳಿಂದ ಉಳಿದುಬಂದ ಕನ್ನಡದ ಮಾತುಗಳಿವೆ. ಅವುಗಳಲ್ಲಿ ಎಷ್ಟೋ ಮಾತುಗಳು ನಿಮ್ಮ ಪಠ್ಯಪುಸ್ತಕದಲ್ಲಿಲ್ಲ. ಈ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಅಂತಹ ಐವತ್ತು ಮಾತುಗಳನ್ನು ಅರ್ಥಸಹಿತ ಬರೆದು ತನ್ನಿರಿ. ಅವನ್ನು ನಾವು ಶಾಲೆಯಲ್ಲಿ ಒಟ್ಟುಗೂಡಿಸಿ ಕಾಪಾಡುವೆವು.

ನಿಮಗೆಲ್ಲರಿಗೂ ಶುಭವಾಗಲಿ.