ಗಾಲಿ ನೆಲ ಹಿಡಿಯಲಿ, ಅಚ್ಚು ಹಗುರ ತಿರುಗಲಿ

(ಸುವರ್ಣ ಮಹೋತ್ಸವದ ವಿಜ್ಞಾನ ಮೇಳದ ಸಮಾರೋಪದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಮೈದಾನದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಕ್ಕಳು ತಾವೇ ಜೋಡಿಸಿದ ರಿಮೋಟ್ ಕಾರುಗಳನ್ನು ಓಡಿಸಿದರು. ನಾನು ಓದುವಾಗ ನಮಗಿದ್ದ ಕಾರೆಂದರೆ ಜೋಳದ ದಂಟಿನ ಬಂಡಿ. ಬೆಂಡಿಗೆ ಸಿಬರು ಚುಚ್ಚಿ ಚೌಕಟ್ಟು ಕಟ್ಟುವುದು, ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ಗಾಲಿ ಮಾಡುವುದು, ದಾರ ಕಟ್ಟಿ ಎಳೆಯುವುದು. ಆ ಬಂಡಿಗೂ ಇವತ್ತಿನ ಕಾರಿಗೂ ನಡುವೆ ಬದಲಾಗದೆ ಉಳಿದದ್ದು ಒಂದೇ, ಗಾಲಿ ಮತ್ತು ಅಚ್ಚು. ಅದರ ಬಗ್ಗೆಯೇ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಬೆಳಗಿನ ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕಾರು ಹೊರಟ ಕೂಡಲೇ ಎಡಕ್ಕೆ ಎಳೆಯುತ್ತಿತ್ತು. ಎರಡು ಸುತ್ತಿನಲ್ಲಿ ಮೋಟಾರು ಕೈ ಸುಡುವಷ್ಟು ಕಾದಿತ್ತು. ಅವಳು ಅಳುಮೋರೆ ಮಾಡಿಕೊಂಡು, "ಸರ್, ಇದಕ್ಕ ದೊಡ್ಡ ಮೋಟಾರ ಬೇಕ್ರಿ. ನಮ್ಮಪ್ಪಗ ಕೇಳಿದ್ರ ಇಲ್ಲ ಅಂತಾನ್ರಿ" ಎಂದಳು. ನಾನು ಕಾರನ್ನು ಎತ್ತಿ ಹಿಡಿದು ನಾಲ್ಕೂ ಗಾಲಿಗಳನ್ನು ಒಂದೊಂದಾಗಿ ಬೆರಳಿನಿಂದ ತಿರುವಿದೆ. ಮೂರು ಗಾಲಿ ಕೆಲಹೊತ್ತು ತಿರುಗಿ ನಿಂತವು. ಹಿಂದಿನ ಎಡಗಾಲಿ ಬೆರಳು ತೆಗೆದ ತಕ್ಷಣ ನಿಂತಿತು. ಗಾಲಿ ಕಳಚಿದರೆ ಒಳಗೆ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಂಡ ಒಂದು ಉದ್ದನೆಯ ಕೂದಲು, ಅದರ ಮೇಲೆ ಮೆತ್ತಿದ ಕರಿ ಧೂಳು! ಸೂಜಿಯಿಂದ ಕೂದಲು ತೆಗೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಗಾಲಿ ಹಾಕಿದೆವು. ಕಾರು ನೆಟ್ಟಗೆ ಓಡಿತು. ಮೋಟಾರು ಅದೇ, ಸೆಲ್ಲೂ ಅದೇ.

ಆ ಕಾರು ಎಡಕ್ಕೆ ಎಳೆಯುವುದನ್ನು ನೋಡಿದಾಗ ನನಗೆ ನಮ್ಮ ಮನೆಯ ಬಂಡಿ ನೆನಪಾಯಿತು. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುವುದು ನಿಮಗೆಲ್ಲ ಗೊತ್ತು. ಹಿಂದಿನ ದಿನ ಗಾಲಿಗೆ ಕೀಲೆಣ್ಣೆ ಹಾಕುವ ಕೆಲಸ ನನ್ನದು. ಔಡಲೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿ ಕಲಸಿ, ಕೀಲು ತೆಗೆದು, ಗಾಲಿಯನ್ನು ಹೊರಗೆ ಸರಿಸಿ ಅಚ್ಚಿಗೆ ಬಳಿಯಬೇಕು. ಆಗ ನಾನು ಎಂಟನೆಯ ತರಗತಿ. ಬಲಗಾಲಿಗೆ ಹಾಕಿದೆ. ಅಷ್ಟರಲ್ಲಿ ಗೆಳೆಯರು ಆಟಕ್ಕೆ ಕರೆದರು. ಎಡಗಾಲಿ ಹಾಗೇ ಉಳಿಯಿತು.

ಮರುದಿನ ಭಜ್ಜಿ, ರೊಟ್ಟಿ, ಅಂಬಲಿಯ ಗಡಿಗೆ ಎಲ್ಲ ಹೇರಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಎಡಗಾಲಿ ಕಿರ್ ಎಂದು ಚೀರತೊಡಗಿತು. ಬಂಡಿ ಎಡಕ್ಕೇ ಎಳೆಯುತ್ತಿತ್ತು. ಅಪ್ಪ ಕೇಳಿದರು, "ತಮ್ಮಾ, ಎಡಗಡಿ ಗಾಲಿಗಿ ಎಣ್ಣಿ ಹಾಕಿದೇನು?" ನಾನು "ಹಾಕೀನ್ರಿ ಅಪ್ಪಾ" ಎಂದು ಸುಳ್ಳು ಹೇಳಿದೆ. ಹೊಲ ಮುಟ್ಟಿ ಕೊಳ್ಳು ಬಿಟ್ಟಾಗ ಒಂದು ಎತ್ತಿನ ಹೆಗಲು ಉಜ್ಜಿ ಕೆಂಪಾಗಿತ್ತು. ಅಪ್ಪ ಬೈಯಲಿಲ್ಲ. ಅರಿಶಿಣ ಎಣ್ಣೆ ಹಚ್ಚುತ್ತ ಇಷ್ಟೇ ಹೇಳಿದರು: "ಎತ್ತಿಗಿ ಬಾಯಿಲ್ಲ. ಗಾಲಿಗಿ ಅದ. ಅದು ಚೀರದಾಗ ನಾವು ಕೇಳಬೇಕು." ಅಂದು ಹೊಲದಲ್ಲಿ ಉಂಡ ಊಟ ನನಗೆ ರುಚಿಸಲಿಲ್ಲ. ಮುಂದೆ ನಾನು ಯಂತ್ರಗಳ ಕೆಲಸವನ್ನೇ ಕಲಿತದ್ದಕ್ಕೆ ಆ ಮಾತೇ ಮೊದಲ ಪಾಠ.

ಮಕ್ಕಳೆ, ಘರ್ಷಣೆ ಕೆಟ್ಟದ್ದೆಂದು ಪರೀಕ್ಷೆಯಲ್ಲಿ ಬರೆದು ಬಿಡಬೇಡಿ. ಟಾಯರು ನೆಲವನ್ನು ಹಿಡಿಯದಿದ್ದರೆ ಕಾರು ನಿಂತಲ್ಲೇ ಗಾಲಿ ತಿರುಗಿಸುತ್ತದೆ, ಮಳೆಗಾಲದ ಎರೆ ದಾರಿಯಲ್ಲಿ ಟ್ರ್ಯಾಕ್ಟರು ತಿರುಗಿಸಿದ ಹಾಗೆ. ಗಾಲಿಯ ಹೊರ ಅಂಚಿನಲ್ಲಿ ಹಿಡಿತ ಬೇಕು, ನಡುವಿನ ತೂತಿನಲ್ಲಿ ಜಾರುವಿಕೆ ಬೇಕು. ಇಷ್ಟು ತಿಳಿದರೆ ಅರ್ಧ ಕೆಲಸವಾದಂತೆ.

ಇನ್ನರ್ಧಕ್ಕೆ ಸಣ್ಣ ಲೆಕ್ಕ ಸಾಕು. ಕಾರಿನ ತೂಕ 600 ಗ್ರಾಂ, ಅಚ್ಚಿಗೂ ತೂತಿಗೂ ನಡುವಿನ ಘರ್ಷಣಾಂಕ 0.2 ಎಂದಿಟ್ಟುಕೊಳ್ಳಿ. ಅಚ್ಚಿನ ಹತ್ತಿರ ತಡೆ 120 ಗ್ರಾಂ ತೂಕದಷ್ಟು. ಆದರೆ ಅಚ್ಚು 2 ಮಿಲಿಮೀಟರ್ ದಪ್ಪ, ಗಾಲಿ 60 ಮಿಲಿಮೀಟರ್ ಅಗಲವಿದ್ದರೆ ಈ ತಡೆ ನೆಲದ ಹತ್ತಿರ ಮೂವತ್ತರಲ್ಲಿ ಒಂದು ಪಾಲಾಗಿ 4 ಗ್ರಾಂಗೆ ಇಳಿಯುತ್ತದೆ. ಅದೇ ಅಚ್ಚು 6 ಮಿಲಿಮೀಟರ್ ಇದ್ದರೆ 12 ಗ್ರಾಂ. ಆದ್ದರಿಂದ ಭಾರ ತಡೆಯುವಷ್ಟು ಮಾತ್ರ ದಪ್ಪದ, ನೆಟ್ಟನೆಯ, ನುಣುಪಾದ ಅಚ್ಚು ಬೇಕು. ನಮ್ಮ ಬಡಿಗೇರರು ಬಂಡಿಗೆ ಆಳೆತ್ತರದ ಗಾಲಿ ಮಾಡುತ್ತಿದ್ದುದರಲ್ಲಿಯೂ ಈ ಲೆಕ್ಕ ಅಡಗಿದೆ. ದೊಡ್ಡ ಗಾಲಿ ತಗ್ಗು ದಿನ್ನೆ ದಾಟುತ್ತದೆ, ಅಚ್ಚಿನ ತಡೆಯನ್ನೂ ಕಡಿಮೆ ಮಾಡುತ್ತದೆ.

ಆದರೆ ಬಂಡಿಯ ಗಾಲಿ ನಿಮಿಷಕ್ಕೆ ಹದಿನಾಲ್ಕು ಹದಿನೈದು ಸುತ್ತು ತಿರುಗಿದರೆ ಹೆಚ್ಚು. ನಿಮ್ಮ 60 ಮಿಲಿಮೀಟರ್ ಗಾಲಿ ತಾಸಿಗೆ 30 ಕಿಲೋಮೀಟರ್ ಓಡಬೇಕಾದರೆ ನಿಮಿಷಕ್ಕೆ 2,600ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅಷ್ಟು ವೇಗದಲ್ಲಿ ಒಣ ಪ್ಲಾಸ್ಟಿಕ್ ತೂತು ಕಾಯುತ್ತದೆ, ಸವೆದು ಮೊಟ್ಟೆಯಾಕಾರವಾಗುತ್ತದೆ, ಗಾಲಿ ಅಲುಗಾಡುತ್ತದೆ. ಅಲ್ಲಿಗೆ ಹಿತ್ತಾಳೆಯ ಸಣ್ಣ ಕೊಳವೆಯಾದರೂ ಬೇಕು, ಸಾಧ್ಯವಾದರೆ ಬಾಲ್ ಬೇರಿಂಗ್ ಬೇಕು. ಉಜ್ಜುವ ಬದಲು ಉರುಳುವುದೇ ಬೇರಿಂಗಿನ ಗುಟ್ಟು. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದದ್ದು ಗಾಡಿಯ ಅಚ್ಚಿಗಾಗಿಯೇ.

ಬೇರಿಂಗ್ ಹಾಕಿದರೂ ಮೈಮರೆಯುವಂತಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಂದು ಬಟ್ಟೆ ಗಿರಣಿ ಜೇಡಿಮಣ್ಣಿನ ನೆಲದ ಮೇಲಿತ್ತು. ನಮ್ಮ ಜೇವರ್ಗಿ, ಅಫಜಲಪುರದ ಎರೆಯಲ್ಲಿ ಬೇಸಿಗೆಗೆ ಬಿರುಕು, ಮಳೆಗೆ ಉಬ್ಬು ಬಂದು ಮನೆಗಳ ಗೋಡೆ ಸೀಳುವುದಿಲ್ಲವೆ? ಅಲ್ಲಿಯೂ ನೆಲ ಸರಿದು, ಉದ್ದನೆಯ ತಿರುಗು ದಂಡಗಳು ಓರೆಯಾಗಿ ಬೇರಿಂಗುಗಳು ಬೇಗ ಬೇಗ ಹಾಳಾಗುತ್ತಿದ್ದವು. ಆ ಗಿರಣಿಯ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ತಂತ್ರಜ್ಞ ಓರೆಗೆ ತಾನೇ ಹೊಂದಿಕೊಳ್ಳುವ ಬೇರಿಂಗನ್ನು 1907ರಲ್ಲಿ ರೂಪಿಸಿದ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಅದರಿಂದ. ನಿಮ್ಮ ಕಾರಿಗೂ ಇದೇ ಪಾಠ: ಎರಡು ಬದಿಯ ತೂತುಗಳು ಒಂದೇ ಗೆರೆಯಲ್ಲಿ ಇರದಿದ್ದರೆ ಬೆಲೆಬಾಳುವ ಬೇರಿಂಗೂ ಉಪಯೋಗವಿಲ್ಲ. ಅಚ್ಚನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟಗಿದ್ದರೆ ಕುಪ್ಪಳಿಸುತ್ತದೆ. ಗಾಲಿಗೂ ಕಾರಿನ ಮೈಗೂ ನಡುವೆ ತೆಳ್ಳನೆಯ ವಾಷರ್ ಹಾಕಿ, ಕೂದಲೆಳೆಯಷ್ಟು ಸಡಿಲ ಬಿಡಿ. ಮುಂದಿನ ಗಾಲಿಗಳು ಒಂದಕ್ಕೊಂದು ಸಮಾನಾಂತರವಾಗಿರಲಿ, ಇಲ್ಲದಿದ್ದರೆ ಟಾಯರು ನೆಲವನ್ನು ಕೆರೆಯುತ್ತಲೇ ಸಾಗುತ್ತದೆ.

ಇನ್ನು ಎಣ್ಣೆಯ ಮಾತು. ನಮ್ಮ ಬದುವಿನ ಔಡಲವನ್ನು ಕೀಳಾಗಿ ಕಾಣಬೇಡಿ. ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳು ಔಡಲೆಣ್ಣೆಯ ಮೇಲೆ ಓಡಾಡಿದವು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಔಡಲದ ಇಂಗ್ಲಿಷ್ ಹೆಸರಿನಿಂದ. ಆದರೆ ಅದು ಬಂಡಿಯ ಭಾರಕ್ಕೆ ಒಗ್ಗುವಂಥ ದಪ್ಪ ಎಣ್ಣೆ, ಹಳತಾದರೆ ಅಂಟಾಗುತ್ತದೆ. ಪುಟ್ಟ ಕಾರಿಗೆ ದಪ್ಪ ಗ್ರೀಸ್ ತುಂಬಿದರೆ ಗಾಲಿ ಬೆಲ್ಲದ ಪಾಕದಲ್ಲಿ ತಿರುಗಿದಂತಾಗುತ್ತದೆ. ತೆಳು ಎಣ್ಣೆ ಒಂದೇ ಹನಿ ಸಾಕು, ಆದರೆ ಮತ್ತೆ ಮತ್ತೆ ಹಾಕಬೇಕು. ಧೂಳಿನಲ್ಲಿ ಓಡಿಸುವುದಾದರೆ ಎಣ್ಣೆಯೂ ಮಣ್ಣೂ ಕೂಡಿ ಅರೆಯುವ ಕಲ್ಲಾಗುತ್ತದೆ. ಬೇರಿಂಗ್ ಇಲ್ಲದ ಬರಿಯ ತೂತಿಗೆ ಆಗ ಮೆತ್ತನೆಯ ಪೆನ್ಸಿಲ್ಲಿನ ಸೀಸದ ಪುಡಿ ಮೇಲು. ಗ್ರಾಫೈಟಿನ ಪದರಗಳು ಒಂದರ ಮೇಲೊಂದು ಜಾರುತ್ತವೆ, ಧೂಳನ್ನು ಅಂಟಿಸಿಕೊಳ್ಳುವುದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಚ್ಚನ್ನು ಎಷ್ಟು ತಿದ್ದಿದರೂ ಒಂದು ಹಂತದ ನಂತರ ಗಾಳಿಯೇ ತಡೆಯುತ್ತದೆ. ಆದರೆ ಆ ಹಂತ ಮುಟ್ಟುವ ಮೊದಲೇ ನಮ್ಮ ಕಾರುಗಳು ಕೂದಲಿಗೆ, ಧೂಳಿಗೆ, ಓರೆ ಅಚ್ಚಿಗೆ ಸೋಲುತ್ತಿವೆ. ಇವತ್ತಿನ ಸ್ಪರ್ಧೆಯಲ್ಲಿ ನಾನು ಕಂಡದ್ದು ಇದನ್ನೇ.

ಇದು ಆಟಿಕೆಯ ಮಾತಷ್ಟೇ ಅಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ದೊಡ್ಡ ಕಾರಖಾನೆಗಳ ಆಡಳಿತ ಕಲಿಸುವ ಸ್ಥಾನದಲ್ಲಿದ್ದುಕೊಂಡು ಎತ್ತಿನ ಬಂಡಿಯ ಸುಧಾರಣೆಗೆ ಕೈ ಹಾಕಿದರು. ಗಾಲಿ ಹಗುರ ತಿರುಗಬೇಕು, ನೊಗ ಎತ್ತಿನ ಹೆಗಲು ಕೊಯ್ಯಬಾರದು ಎಂದು ಊರೂರಿಗೆ ಹೇಳಿದರು. ಅಚ್ಚಿನಲ್ಲಿ ಉಳಿಸಿದ ಶಕ್ತಿ ಬಂಡಿಯಲ್ಲಿ ಎತ್ತಿನ ಹೆಗಲಿಗೆ ಸಿಗುತ್ತದೆ, ನೀರೆತ್ತುವ ಪಂಪಿನಲ್ಲಿ ರೈತನ ಕರೆಂಟಿಗೆ, ಹೊಲಿಗೆ ಯಂತ್ರದಲ್ಲಿ ತಾಯಿಯ ಕಾಲಿಗೆ.

ಬೆಳಿಗ್ಗೆ ಆ ಹುಡುಗಿ ದೊಡ್ಡ ಮೋಟಾರು ಕೇಳಿದಾಗ ನನಗೆ ನೋವಾದದ್ದು ಇದಕ್ಕೇ. ನಮ್ಮ ಭಾಗದ ಮಕ್ಕಳು ಸೋತಾಗ, ನಮ್ಮ ಹತ್ತಿರ ದುಡ್ಡಿಲ್ಲ, ದೊಡ್ಡ ಸಾಮಾನಿಲ್ಲ, ಅದಕ್ಕೇ ಹಿಂದುಳಿದೆವು ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವು ಸಲ ಅದು ನಿಜವೂ ಹೌದು, ಅದನ್ನು ಕೇಳಿ ಪಡೆಯಲೂ ಬೇಕು. ಆದರೆ ಕೇಳುವ ಮೊದಲು ಒಮ್ಮೆ ಗಾಲಿ ಎತ್ತಿ ತಿರುವಿ ನೋಡಿ. ಬೆರಳು ತೆಗೆದ ಮೇಲೆ ಎಷ್ಟು ಸೆಕೆಂಡು ತಿರುಗಿತೆಂದು ವಹಿಯಲ್ಲಿ ಬರೆಯಿರಿ. ತಿದ್ದಿ, ಮತ್ತೆ ತಿರುವಿ, ಮತ್ತೆ ಬರೆಯಿರಿ. ಇದಕ್ಕೆ ಖರ್ಚಿಲ್ಲ, ವಿಜ್ಞಾನವೆಂದರೂ ಇದೇ.

ನಮ್ಮ ತಂಡದ ಗೆಳೆಯರು ಶಾಲೆಯ ಪ್ರಯೋಗಾಲಯಕ್ಕೆ ಒಂದು ಪೆಟ್ಟಿಗೆ ಕೊಡುತ್ತಿದ್ದೇವೆ. ಅದರಲ್ಲಿ ಸಣ್ಣ ಬೇರಿಂಗುಗಳು, ಹಿತ್ತಾಳೆ ಕೊಳವೆ, ವಾಷರುಗಳು, ಒಂದು ಎಣ್ಣೆಬುಡ್ಡಿ ಇವೆ. ದಯವಿಟ್ಟು ಅದಕ್ಕೆ ಬೀಗ ಹಾಕಿ ಕಪಾಟಿನಲ್ಲಿ ಇಡಬೇಡಿರೆಂದು ಗುರುಗಳಲ್ಲಿ ಕೈಮುಗಿದು ಕೇಳುತ್ತೇನೆ. ಮಕ್ಕಳ ಕೈಯಲ್ಲಿ ಸವೆಯಲಿ, ಕಳೆಯಲಿ. ಮುಂದಿನ ವರ್ಷ ಮತ್ತೆ ತುಂಬುತ್ತೇವೆ.

ಅಂದು ಅಪ್ಪನಿಗೆ ಹೇಳಿದ ಸುಳ್ಳನ್ನು ನಾನು ಅವರಿರುವಾಗ ಒಪ್ಪಿಕೊಳ್ಳಲಿಲ್ಲ. ಇವತ್ತು ನಿಮ್ಮೆಲ್ಲರ ಮುಂದೆ ಒಪ್ಪಿಕೊಂಡಿದ್ದೇನೆ. ಗಾಲಿ ಚೀರಿದಾಗ ಕೇಳುವ ಕಿವಿ ನಿಮಗೆಲ್ಲರಿಗೂ ಇರಲಿ.