ಅಚ್ಚಿನ ಮನೆಯಿಂದ ಅಂತರ್ಜಾಲಕ್ಕೆ: ನಮ್ಮ ಭಕ್ತಿಗ್ರಂಥಗಳ ಮುಂದಿನ ದಾರಿ

(ಕೊಣನೂರು ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾವೇರಿಯ ದಡದ ಈ ಊರಿನಲ್ಲಿ ನಮ್ಮ ದೇವಾಲಯದ ನೂರು ವರ್ಷಗಳನ್ನು ನೆನೆದು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಧಾರ್ಮಿಕ ಗ್ರಂಥಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಇನ್ನು ಮುಂದೆ ಭಕ್ತಿಯ ಪುಸ್ತಕಗಳನ್ನು ಅಚ್ಚು ಹಾಕಿಸಬೇಕೇ, ಇಲ್ಲವೇ ಅಂತರ್ಜಾಲದಲ್ಲಿಯೇ ಬರೆದು ಹಂಚಿದರೆ ಸಾಕೇ ಎಂಬ ಪ್ರಶ್ನೆ ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಎದ್ದಿದೆ. ಇದು ಕೇವಲ ಖರ್ಚುವೆಚ್ಚದ ಪ್ರಶ್ನೆಯಲ್ಲ. ನಮ್ಮ ಹಿರಿಯರಿಂದ ಬಂದ ವಿಶ್ವಾಸವನ್ನು ಮಕ್ಕಳ ಕೈಗೆ ಯಾವ ರೂಪದಲ್ಲಿ ಒಪ್ಪಿಸುತ್ತೇವೆ ಎಂಬ ಪ್ರಶ್ನೆ.

ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಅಜ್ಜಿಯ ಬಳಿ ಒಂದು ಕೈಬರಹದ ಪುಸ್ತಕವಿತ್ತು. ತಪಸ್ಸುಕಾಲದಲ್ಲಿ ಹಾಡುತ್ತಿದ್ದ ಯೇಸುಸ್ವಾಮಿಯ ಪಾಡಿನ ಹಾಡುಗಳನ್ನೂ, ಸಾವಿನ ಮನೆಯಲ್ಲಿ ಹೇಳುವ ಜಪಗಳನ್ನೂ ಅವರು ಅದರಲ್ಲಿ ಬರೆದಿಟ್ಟುಕೊಂಡಿದ್ದರು. ಆ ಪುಸ್ತಕದ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ ಯಾರಿಗೂ ಕೊಡುತ್ತಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರು ತೀರಿಕೊಂಡ ಬಳಿಕ ಪೆಟ್ಟಿಗೆಯನ್ನು ತೆರೆದಾಗ ಅರ್ಧಕ್ಕಿಂತ ಹೆಚ್ಚು ಭಾಗ ಗೆದ್ದಲಿನ ಪಾಲಾಗಿತ್ತು. ಆ ಹಾಡುಗಳಲ್ಲಿ ಕೆಲವು ಇಂದು ಯಾರ ಬಾಯಲ್ಲಿಯೂ ಇಲ್ಲ. ಅಂದು ಯಾರಾದರೂ ಒಬ್ಬರು ನಕಲು ಮಾಡಿಕೊಂಡಿದ್ದರೆ ಅವು ಉಳಿಯುತ್ತಿದ್ದವು.

ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಕನ್ನಡ ಕಲಿತು, ಆ ಭಾಷೆಯಲ್ಲಿ ಜ್ಞಾನೋಪದೇಶವನ್ನು ರಚಿಸಿದರು. ಆಗ ಈ ಸೀಮೆಯಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ. ಬರೆದದ್ದು ಕೈಯಿಂದ ಕೈಗೆ, ಓಲೆಯಿಂದ ಕಾಗದಕ್ಕೆ ಸಾಗಬೇಕಾಗಿತ್ತು.

ಅಚ್ಚಾದ ಪುಸ್ತಕವಾದರೆ ಸುರಕ್ಷಿತವೆಂದು ನಾವು ಭಾವಿಸುವುದುಂಟು. ಆದರೆ ಥಾಮಸ್ ಸ್ಟೀಫನ್ಸ್ ಅವರ ಕ್ರಿಸ್ತಪುರಾಣದ ಗತಿಯನ್ನು ನೋಡಿರಿ. ಮರಾಠಿ ಪದ್ಯದಲ್ಲಿ ರಚಿತವಾದ ಆ ಗ್ರಂಥವು 1616ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚಾಯಿತು. ಅದೇ ಶತಮಾನದಲ್ಲಿ ಮತ್ತೆರಡು ಸಲ ಮುದ್ರಣಗೊಂಡಿತು. ಆ ಅಚ್ಚಿನ ಪ್ರತಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಉಳಿದದ್ದು ಭಕ್ತರು ಕೈಯಿಂದ ನಕಲು ಮಾಡಿಕೊಂಡ ಪ್ರತಿಗಳು. ಅಂಥ ಪ್ರತಿಗಳನ್ನು ಆಧರಿಸಿಯೇ 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. ಗ್ರಂಥಕ್ಕೆ ಆಯುಸ್ಸು ಬರುವುದು ಹಂಚುವುದರಿಂದ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗೆಂದು ಅಚ್ಚಿನ ಮನೆಯ ಉಪಕಾರವನ್ನು ಮರೆಯುವಂತಿಲ್ಲ. ಮೈಸೂರು ಸೀಮೆಯ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೊ ಅವರ ಕಾಲದಲ್ಲಿ, 1855ರಲ್ಲಿ, ಕನ್ನಡ-ಲ್ಯಾಟಿನ್ ನಿಘಂಟು ಬೆಂಗಳೂರಿನಲ್ಲಿ ಅಚ್ಚಾಯಿತು. 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂದಿತು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದರು. ಒಂದು ಕಾಲದಲ್ಲಿ ದೊಡ್ಡ ಗ್ರಂಥಭಂಡಾರಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಆ ಕಿಟ್ಟೆಲ್ ಕೋಶವನ್ನು ಇಂದು ಕೊಣನೂರಿನ ಶಾಲಾಬಾಲಕನೂ ಮೊಬೈಲಿನಲ್ಲಿ ತೆರೆದು ನೋಡಬಹುದು. ಅಚ್ಚು ಮಾಡಿದ ಕೆಲಸವನ್ನು ಅಂತರ್ಜಾಲವು ಮುಂದುವರಿಸುವ ಬಗೆ ಇದು.

ನಮ್ಮ ಜಿಲ್ಲೆಯಲ್ಲಿಯೇ ಕಣ್ಣೆದುರಿಗಿರುವ ಎಚ್ಚರಿಕೆಯೊಂದಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಶೆಟ್ಟಿಹಳ್ಳಿಯ ಹಳೆಯ ದೇವಾಲಯ ಹಿನ್ನೀರಿನ ಪಾಲಾಯಿತು. ಅಲ್ಲಿಯ ಭಕ್ತಜನರು ಬೇರೆಡೆಗೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೇಳುವ ಆ ಗೋಡೆಗಳನ್ನು ನೋಡಲು ಇಂದು ದೂರದೂರದಿಂದ ಪ್ರವಾಸಿಗರು ಬರುತ್ತಾರೆ. ಗೋಡೆಗಳ ಚಿತ್ರಗಳು ಎಲ್ಲೆಡೆ ಹರಡಿವೆ. ಆ ಗೋಡೆಗಳ ನಡುವೆ ನಮ್ಮ ಹಿರಿಯರು ಹಾಡಿದ ಹಾಡುಗಳನ್ನು, ಉಪದೇಶಿಗಳು ಕಲಿಸಿದ ಪಾಠಗಳನ್ನು ಬರೆದಿಟ್ಟು ಹಂಚುವ ಹೊಣೆ ಯಾರದು? ಅದು ಪ್ರವಾಸಿಗರದಲ್ಲ, ನಮ್ಮದು.

ಅಂತರ್ಜಾಲದ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚಿಕ್ಕ ಜಪದ ಪುಸ್ತಕವನ್ನು ಅಚ್ಚು ಹಾಕಿಸಬೇಕಾದರೂ ಹಣ ಕೂಡಿಸಬೇಕು. ಕಡಿಮೆ ಪ್ರತಿಗಳಾದರೆ ಒಂದೊಂದರ ಬೆಲೆ ಹೆಚ್ಚು, ಹೆಚ್ಚು ಪ್ರತಿಗಳಾದರೆ ಮಾರಾಟವಾಗದ ಕಟ್ಟುಗಳು ಗುರುಮನೆಯ ಬೀರುವಿನಲ್ಲಿ ಧೂಳು ತಿನ್ನುತ್ತವೆ. ತಪ್ಪು ಅಚ್ಚಾದರೆ ತಿದ್ದಲು ಮರುಮುದ್ರಣದವರೆಗೆ ಕಾಯಬೇಕು. ಜಾಲತಾಣದಲ್ಲಾದರೆ ಇಂದು ಕಂಡ ತಪ್ಪನ್ನು ಇಂದೇ ತಿದ್ದಬಹುದು. ಬೆಂಗಳೂರಿನಲ್ಲೋ ದುಬೈನಲ್ಲೋ ದುಡಿಯುತ್ತಿರುವ ನಮ್ಮ ಮಕ್ಕಳು ಅದೇ ಕ್ಷಣದಲ್ಲಿ ಓದಬಹುದು.

ಧರ್ಮಸಭೆಯು ಈ ಸಾಧನಗಳನ್ನು ಸಂಶಯದಿಂದ ದೂರವಿರಿಸಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದೇ ಸಮೂಹ ಮಾಧ್ಯಮಗಳ ಬಗ್ಗೆ ಶಾಸನವನ್ನು ಹೊರಡಿಸಿತು. 2002ರಲ್ಲಿ ಅಂತರ್ಜಾಲವನ್ನು ಕುರಿತೇ ವ್ಯಾಟಿಕನ್ನಿನಿಂದ ಪ್ರತ್ಯೇಕ ದಾಖಲೆ ಬಂದಿತು. ಪವಿತ್ರ ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಜಾಲತಾಣದಲ್ಲಿ ಪ್ರಕಟಿಸಿದ ಕಾರ್ಲೊ ಅಕುತಿಸ್ ಎಂಬ ಬಾಲಕನು 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡನು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆತನನ್ನು ಸಂತನೆಂದು ಘೋಷಿಸಿದರು.

ಆದರೆ ಸೋದರರೇ, ಅಪಾಯಗಳನ್ನೂ ಮರೆಮಾಚಬಾರದು. ಅಚ್ಚಿನ ಪುಸ್ತಕದ ಮೊದಲ ಪುಟಗಳಲ್ಲಿ ಧರ್ಮಾಧ್ಯಕ್ಷರ ಅನುಮತಿಯ ಮುದ್ರೆಯನ್ನು ನೋಡಿ ನಾವು ಧೈರ್ಯದಿಂದ ಓದುತ್ತಿದ್ದೆವು. ಇಂದು ಮೊಬೈಲಿಗೆ ಬರುವ ಜಪಗಳಿಗೆ ಬರೆದವರ ಹೆಸರೂ ಇಲ್ಲ, ಅನುಮತಿಯೂ ಇಲ್ಲ. ಹತ್ತು ಜನಕ್ಕೆ ಕಳುಹಿಸಿದರೆ ವರ, ಕಳುಹಿಸದಿದ್ದರೆ ಕೇಡು ಎಂದು ಬೆದರಿಸುವ ಬರಹಗಳು ಸಂತರ ಹೆಸರಿನಲ್ಲಿಯೇ ತಿರುಗುತ್ತವೆ. ಇದು ಭಕ್ತಿಯಲ್ಲ, ಮೂಢನಂಬಿಕೆ. 1983ರ ಧರ್ಮಸಭೆಯ ಶಾಸನಸಂಹಿತೆಯ ಪ್ರಕಾರ ಜಪದ ಪುಸ್ತಕಗಳಿಗೂ ಜ್ಞಾನೋಪದೇಶದ ಗ್ರಂಥಗಳಿಗೂ ಧರ್ಮಾಧ್ಯಕ್ಷರ ಒಪ್ಪಿಗೆ ಬೇಕು. ಪುಸ್ತಕಗಳ ನಿಯಮವು ಸಾರ್ವಜನಿಕವಾಗಿ ಹಂಚುವ ಇತರ ಬರಹಗಳಿಗೂ ಅನ್ವಯಿಸುತ್ತದೆ. ಕಾಗದವಿಲ್ಲವೆಂದು ಹೊಣೆಯೂ ಇಲ್ಲವೆಂದು ಭಾವಿಸಬಾರದು.

ಇನ್ನೊಬ್ಬರ ದುಡಿಮೆಗೂ ಗೌರವ ಸಲ್ಲಬೇಕು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿದಿರುತ್ತದೆ. ಭಕ್ತಿಗ್ರಂಥವೆಂಬ ಕಾರಣಕ್ಕೆ ಕೇಳದೆ ಎತ್ತಿ ಹಂಚುವುದು ನ್ಯಾಯವಲ್ಲ. ಜೊತೆಗೆ, ಹಳೆಯ ಕಂಪ್ಯೂಟರ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು. ಆದುದರಿಂದ ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯಬೇಕು, ಒಂದಕ್ಕಿಂತ ಹೆಚ್ಚು ಕಡೆ ಪ್ರತಿಯನ್ನು ಇಡಬೇಕು. ಇಲ್ಲವಾದರೆ ಗೆದ್ದಲಿಲ್ಲದೆಯೂ ಪುಸ್ತಕ ನಾಶವಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಈ ಶತಮಾನೋತ್ಸವದ ನೆನಪಿಗಾಗಿ ಮೂರು ಕೆಲಸಗಳನ್ನು ವಿನಯದಿಂದ ಸೂಚಿಸುತ್ತೇನೆ. ಮೊದಲನೆಯದು, ಪ್ರತಿ ಕುಟುಂಬವೂ ತನ್ನಲ್ಲಿರುವ ಹಳೆಯ ಜಪದ ಪುಸ್ತಕ, ಹಾಡಿನ ಕೈಬರಹಗಳನ್ನು ಗುರುಮನೆಗೆ ತರಲಿ. ಯುವಜನರು ಅವುಗಳ ಚಿತ್ರ ತೆಗೆದು ಮೂಲವನ್ನು ಹಿಂದಿರುಗಿಸಲಿ. ಎರಡನೆಯದು, ಓದುಬರಹ ಬಲ್ಲವರು ಅವನ್ನು ಶುದ್ಧವಾಗಿ ಬೆರಳಚ್ಚು ಮಾಡಿ, ಗುರುಗಳಿಗೆ ತೋರಿಸಿ, ಧರ್ಮಾಧ್ಯಕ್ಷರ ಒಪ್ಪಿಗೆ ಪಡೆದು, ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿ ಒದಗಿಸಲಿ. ಮೂರನೆಯದು, ಮೊಬೈಲು ಹಿಡಿಯಲಾಗದ, ಕಣ್ಣು ಮಂಜಾದ ಹಿರಿಯರಿಗಾಗಿ ಅದೇ ಬರಹವನ್ನು ದಪ್ಪಕ್ಷರಗಳಲ್ಲಿ ಸ್ವಲ್ಪ ಪ್ರತಿಗಳಾದರೂ ಅಚ್ಚು ಹಾಕಿಸಲಿ. ಹಿರಿಯರನ್ನು ಬಿಟ್ಟು ಮುಂದೆ ಹೋಗುವ ಜ್ಞಾನಪ್ರಸಾರವು ಕ್ರಿಸ್ತರ ದಾರಿಯಲ್ಲ.

ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ, ಅದನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸುವಂತೆ, ಅಲ್ಲಿಂದ ಬರುವ ಪತ್ರವನ್ನು ಇವರೂ ಓದುವಂತೆ ಸೂಚಿಸಿದರು. ಹಂಚಿ ಓದುವುದು ನಮ್ಮಲ್ಲಿ ಅಂದಿನಿಂದಲೇ ಬಂದ ಪದ್ಧತಿ. ಸಂತ ಯೊವಾನ್ನರಾದರೋ ತಮ್ಮ ಎರಡನೆಯ ಪತ್ರದಲ್ಲಿ, ಹೇಳಬೇಕಾದದ್ದು ಬಹಳವಿದ್ದರೂ ಕಾಗದ ಮಸಿಗಳಿಗೆ ಅದನ್ನು ಒಪ್ಪಿಸದೆ, ಮುಖಾಮುಖಿಯಾಗಿ ಮಾತನಾಡುವ ಆಸೆಯನ್ನು ತೋಡಿಕೊಂಡರು. ಕಾಗದವಾಗಲಿ ಅಂತರ್ಜಾಲವಾಗಲಿ ನಮ್ಮನ್ನು ಒಬ್ಬರ ಬಳಿಗೊಬ್ಬರನ್ನು, ಕೊನೆಗೆ ಬಲಿಪೀಠದ ಬಳಿಗೆ ಕರೆತರಬೇಕು. ಅಲ್ಲಿಗೆ ತಲುಪಿಸಿದರೆ ಅದು ಸದ್ಗ್ರಂಥ.

ನಮ್ಮ ಅಜ್ಜಿಯ ಪುಸ್ತಕದಲ್ಲಿ ಗೆದ್ದಲು ಬಿಟ್ಟ ಕೆಲವು ಹಾಳೆಗಳನ್ನು ಇಂದು ನಾನೇ ತಂದು ಗುರುಗಳ ಕೈಗೆ ಒಪ್ಪಿಸುತ್ತಿದ್ದೇನೆ. ಉಳಿದವರೂ ತರುವಿರೆಂಬ ಭರವಸೆಯಿಂದ, ಮಾತೆ ಮರಿಯಮ್ಮನವರ ಪ್ರಾರ್ಥನೆಯ ನೆರವನ್ನು ಬೇಡುತ್ತಾ, ನನ್ನ ಮಾತುಗಳನ್ನು ಮುಗಿಸುತ್ತೇನೆ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.