ಹಳೆಯ ಕಂಪ್ಯೂಟರ್, ಲಿನಕ್ಸ್ ಮತ್ತು ನಮ್ಮ ವಿದ್ಯಾರ್ಥಿಗಳು





ಶಿಕ್ಷಣದ ವೇದಿಕೆಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆಗಳ ಮಾತು ಬರುತ್ತದೆ. ನಾನು ಇಂದು ನಿಮ್ಮ ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಇರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳಲ್ಲಿ ಇವಿಲ್ಲ. ಹೊಸದು ಕೊಳ್ಳಲು ಎಲ್ಲ ತಂದೆ ತಾಯಿಯರಿಗೂ ಸಾಧ್ಯವಿಲ್ಲ. ಆಗ ಯಾರೋ ಹಾಕಿಕೊಡುವ ಕಳ್ಳಪ್ರತಿಯ ದಾರಿ ಸುಲಭವೆನಿಸುತ್ತದೆ. ಆದರೆ ಊಟದಲ್ಲಿ, ಸಂಪಾದನೆಯಲ್ಲಿ ಹಲಾಲ್ ಹರಾಮ್ ನೋಡುವ ನಾವು ಇನ್ನೊಬ್ಬರ ದುಡಿಮೆಯನ್ನು ಅನುಮತಿಯಿಲ್ಲದೆ ಬಳಸುವುದನ್ನೂ ಹಾಗೆಯೇ ತೂಗಿ ನೋಡಬೇಕಲ್ಲವೇ? ಕಳ್ಳಪ್ರತಿಯ ಜೊತೆಗೆ ವೈರಸ್ ಬರುವ ಅಪಾಯವೂ ಇದೆ.

ಹಣವೂ ಬೇಡದ, ಕದಿಯಲೂ ಬೇಕಿಲ್ಲದ ದಾರಿ ಲಿನಕ್ಸ್. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬರೆದರು. ಬಳಸುವ, ಒಳಗನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು ಇದರ ಪರವಾನಗಿಯೇ ಕೊಡುತ್ತದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿಯೂ ಇರುವುದು ಇದೇ ಕರ್ನೆಲ್. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಇದರಲ್ಲಿಯೇ ಪಾಠ ನಡೆಸುತ್ತಿವೆ.

ಆದರೆ ಲಿನಕ್ಸ್ ಹಾಕಿದೊಡನೆ ಎಲ್ಲವೂ ಸರಾಗ ಎಂದು ತಿಳಿಯಬೇಡಿ. ತೊಡಕುಗಳು ಬರುತ್ತವೆ. ಸಾಮಾನ್ಯವಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ವೈಫೈ. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕಿನಲ್ಲಿರುವುದು ಅಳಿಯುವುದಿಲ್ಲ. ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಹೀಗೆ ಪರೀಕ್ಷಿಸಿ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್ ಮೂಲಕ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್‌ನೆಟ್ ಬಂದ ಮೇಲೆ, ಬೇಕಾದ ಡ್ರೈವರನ್ನು ಡ್ರೈವರ್ ಮ್ಯಾನೇಜರಿನಲ್ಲಿ ಹುಡುಕಬಹುದು. ಸ್ಥಾಪಿಸುವ ಮೊದಲು ಮಾತ್ರ ನಿಮ್ಮ ಕಡತಗಳ ಪ್ರತಿ ತೆಗೆದಿಡಿ.

ಎರಡನೆಯದು, ವಿಂಡೋಸ್ ಜೊತೆಗಿದ್ದಾಗ ಅದರ ಡ್ರೈವಿನಲ್ಲಿ ಫೈಲ್ ಉಳಿಸಲಾಗದಿರುವುದು. ಇದಕ್ಕೆ ಹೆಚ್ಚಾಗಿ ಕಾರಣ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಯಲ್ಲಿಡುತ್ತದೆ. ಕಡತಗಳು ಕೆಡದಿರಲೆಂದು ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ. ವಿಂಡೋಸಿಗೆ ಹೋಗಿ ಆ ಸೌಲಭ್ಯ ನಿಲ್ಲಿಸಿ, ಪೂರ್ತಿ ಶಟ್‌ಡೌನ್ ಮಾಡಿದರೆ ಸರಿಹೋಗುತ್ತದೆ.

ಮೂರನೆಯದು, ಕನ್ನಡ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಅದು ಯೂನಿಕೋಡ್‌ನಲ್ಲಿಲ್ಲ ಅಷ್ಟೇ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಲೋಹಿತ್, ನೋಟೋ ಫಾಂಟುಗಳು ಉಚಿತ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ.

ನಾಲ್ಕನೆಯದು, ಹೊಸ ತಂತ್ರಾಂಶ ಹಾಕುವಾಗ ಬರುವ "ಲಾಕ್ ಸಿಗಲಿಲ್ಲ" ಎಂಬ ಸಂದೇಶ. ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದು ಇದರರ್ಥ. ಹತ್ತು ನಿಮಿಷ ಕಾಯಿರಿ. ಗಾಬರಿಯಿಂದ ಪವರ್ ಬಟನ್ ಒತ್ತಿದರೆ ಸಣ್ಣ ತೊಡಕು ದೊಡ್ಡದಾಗುತ್ತದೆ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆಟೋಕ್ಯಾಡ್, ಫೋಟೋಶಾಪ್‌ಗಳ ಲಿನಕ್ಸ್ ಆವೃತ್ತಿ ಇಲ್ಲ. ಕೋರ್ಸಿಗೆ ಅವೇ ಬೇಕಾದವರು ಮೊದಲು ಅಧ್ಯಾಪಕರನ್ನು ವಿಚಾರಿಸಿ. ಪ್ರಬಂಧ ಬರೆಯಲು, ಲೆಕ್ಕದ ಹಾಳೆ ಮಾಡಲು ಲಿಬ್ರೆ ಆಫೀಸ್, ಚಿತ್ರ ತಿದ್ದಲು ಗಿಂಪ್, ಪ್ರೋಗ್ರಾಮಿಂಗ್ ಕಲಿಯಲು ಪೈಥಾನ್ ಧಾರಾಳ ಸಾಕು.

ಮಿತ್ರರೇ, ಇಲ್ಲಿ ಕಲಿಯಬೇಕಾದದ್ದು ಈ ಪರಿಹಾರಗಳನ್ನು ಮಾತ್ರವಲ್ಲ, ಅವನ್ನು ಹುಡುಕುವ ಕ್ರಮವನ್ನು. ದೋಷದ ಸಂದೇಶ ಬಂದೊಡನೆ ಮುಚ್ಚಬೇಡಿ, ಓದಿ. ನಮ್ಮ ದೀನಿನಲ್ಲಿ ಅವತೀರ್ಣವಾದ ಮೊದಲ ಪದವೇ "ಇಕ್ರಅ್", ಓದು ಎಂದು. ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ತೊಂದರೆಗೆ ಮುನ್ನ ಏನನ್ನು ಬದಲಿಸಿದ್ದೀರಿ ಎಂದು ನೆನಪಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಅರ್ಥವಾಗದ ಆಜ್ಞೆಯನ್ನು, ಅದರಲ್ಲಿಯೂ "ಸುಡೋ" ಎಂದು ಆರಂಭವಾಗುವುದನ್ನು, ಯಾರೋ ಹೇಳಿದರೆಂದು ಒತ್ತಬೇಡಿ. ಕೇಳುವಾಗ "ಕೆಲಸ ಮಾಡುತ್ತಿಲ್ಲ" ಎನ್ನದೆ ಯಾವ ಯಂತ್ರ, ಯಾವ ಆವೃತ್ತಿ, ಯಾವ ಸಂದೇಶ ಎಂದು ತಿಳಿಸಿ. ಪರಿಹಾರ ಸಿಕ್ಕ ಮೇಲೆ ಅದನ್ನು ಬರೆದಿಟ್ಟು ಇನ್ನೊಬ್ಬರಿಗೆ ತಿಳಿಸಿ. ಗೊತ್ತಿದ್ದವರು ಮುಚ್ಚಿಡದೆ ಹೇಳಿದ್ದರಿಂದಲೇ ಈ ತಂತ್ರಾಂಶ ಬೆಳೆದಿದೆ. ಜ್ಞಾನ ನಮ್ಮಲ್ಲಿರುವ ಅಮಾನತ್ತು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ ಲಿನಕ್ಸ್ ಇರುವ ಎರಡು ಪೆನ್‌ಡ್ರೈವ್, ಪರಿಹಾರಗಳನ್ನು ಬರೆದಿಡಲು ಒಂದು ನೋಟ್ ಪುಸ್ತಕ ಇಡೋಣ. ವಾರಕ್ಕೊಮ್ಮೆ ಅಸರ್ ನಮಾಝಿನ ಬಳಿಕ ಹಿರಿಯ ವಿದ್ಯಾರ್ಥಿಗಳು ಒಂದು ಗಂಟೆ ಕುಳಿತು ಕಿರಿಯರಿಗೆ ನೆರವಾಗಲಿ. ಹೆಣ್ಣುಮಕ್ಕಳಿಗೂ ಅನುಕೂಲವಾದ ಸಮಯ ಗೊತ್ತುಪಡಿಸೋಣ. ಹಣದ ಕೊರತೆಯಿಂದ ಯಾವ ಮಗುವೂ ಕಂಪ್ಯೂಟರಿನಿಂದ ದೂರ ಉಳಿಯದಿರಲಿ.

ಅಲ್ಲಾಹನು ನಮಗೆಲ್ಲರಿಗೂ ಪ್ರಯೋಜನಕರವಾದ ಜ್ಞಾನವನ್ನು ಕರುಣಿಸಲಿ. ಆಮೀನ್.